ನಿಂತ ಕಾರಿಗೂ 0.6 ಮೀಟರ್ ಬೇಕಾ?

ಪ್ರಶ್ನೆ: ಬ್ರಿಟನ್ನಿನ ಹೈವೇ ಕೋಡ್‌ನಲ್ಲಿ (ರಸ್ತೆ ನಿಯಮಗಳ ಪುಸ್ತಕ) ಕಾರು ನಿಲ್ಲಲು ಬೇಕಾದ ದೂರದ ಪಟ್ಟಿ ಇದೆ. ಗಂಟೆಗೆ 20, 30, 40, 50, 60, 70 ಮೈಲಿ ವೇಗಕ್ಕೆ 12, 23, 36, 53, 73, 96 ಮೀಟರ್. ವೇಗವನ್ನು 10ರಿಂದ ಭಾಗಿಸಿ ಎಕ್ಸೆಲ್‌ನಲ್ಲಿ ವರ್ಗದ ಕರ್ವ್ ಎಳೆದೆ. 1.57 × ವೇಗ² + 2.63 × ವೇಗ + 0.6 ಬಂತು. ವೇಗ ಸೊನ್ನೆ ಇದ್ದಾಗ ದೂರವೂ ಸೊನ್ನೆ ಆಗಬೇಕಲ್ವಾ? ಆ 0.6 ಅನ್ನು ಸುಮ್ನೆ ಬಿಟ್ಟುಬಿಡಲಾ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಹಾಸನ

ಉತ್ತರ: ಸೊನ್ನೆ ಆಗಬೇಕು ಅನ್ನೋದು ಸರಿ. ಆದರೆ ಹಾಗೆ ಬಿಟ್ಟುಬಿಡಬೇಡಿ. ಬಿಟ್ಟರೆ ಇಡೀ ಕರ್ವ್ 0.6 ಮೀಟರ್ ಕೆಳಗೆ ಜಾರುತ್ತದೆ, ಅಷ್ಟೇ. 2.63 ಮತ್ತು 1.57 ಬಂದದ್ದು ಜೊತೆಗೊಂದು ಸ್ಥಿರಾಂಕ (ವೇಗದ ಜೊತೆ ಬದಲಾಗದ ಅಂಕಿ, ಇಲ್ಲಿ 0.6) ಇದೆ ಅಂತ ಲೆಕ್ಕ ಹಾಕಿದ್ದರಿಂದ, ಅದನ್ನು ತೆಗೆದ ಮೇಲೆ ಇವೆರಡನ್ನೂ ಹೊಸದಾಗಿ ಕಂಡುಹಿಡಿಯಬೇಕು.

ದೂರ = ಅ × ವೇಗ + ಬ × ವೇಗ² ಅಂತ ಇಟ್ಟುಕೊಳ್ಳಿ. ಪಟ್ಟಿಯ ದೂರಕ್ಕೂ ಸೂತ್ರ ಕೊಡುವ ದೂರಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಆಗಬೇಕು, ಲೀಸ್ಟ್ ಸ್ಕ್ವೇರ್ಸ್ ಅಂದರೆ ಅದೇ. ಆ ಮೊತ್ತವನ್ನು ಒಮ್ಮೆ ಅ ಮೇಲೆ, ಒಮ್ಮೆ ಬ ಮೇಲೆ ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದರೆ ಎರಡೇ ಸಮೀಕರಣ ಸಿಗುತ್ತವೆ (ಸ್ಥಿರಾಂಕ ಇದ್ದಿದ್ದರೆ ಮೂರು). ವೇಗ 2ರಿಂದ 7ರವರೆಗೆ ಇರುವುದರಿಂದ ವೇಗ²ಗಳ ಮೊತ್ತ 139, ವೇಗ³ಗಳದ್ದು 783, ವೇಗ⁴ಗಳದ್ದು 4675. ವೇಗ × ದೂರದ ಮೊತ್ತ 1612, ವೇಗ² × ದೂರದ್ದು 9488. ಹೀಗಾಗಿ:

139 ಅ + 783 ಬ = 1612
783 ಅ + 4675 ಬ = 9488

ಬಿಡಿಸಿದರೆ ಅ = 2.91, ಬ = 1.54. ಗಂಟೆಗೆ 50 ಮೈಲಿಗೆ ಹಾಕಿ ನೋಡಿ: 14.6 + 38.5, ಅಂದರೆ 53.1 ಮೀಟರ್. ಪಟ್ಟಿಯಲ್ಲಿ 53.

ಈ ಎರಡು ಅಂಕಿಗಳಿಗೆ ಅರ್ಥವೂ ಇದೆ, ನನಗೆ ಇಡೀ ಲೆಕ್ಕದಲ್ಲಿ ತುಂಬಾ ಇಷ್ಟವಾಗುವುದು ಅದೇ. ಅ × ವೇಗ ಅಂದರೆ ಚಾಲಕರು ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಕಾರು ಓಡುವ ದೂರ, ಬ × ವೇಗ² ಅಂದರೆ ಬ್ರೇಕ್ ಹಿಡಿದ ಮೇಲೆ ಹೋಗುವ ದೂರ. ಹೈವೇ ಕೋಡ್ ಇವೆರಡನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿದೆ. ಮೊದಲನೆಯದು 20 ಮೈಲಿಗೆ 6 ಮೀಟರ್, 30ಕ್ಕೆ 9, 40ಕ್ಕೆ 12, ಹೀಗೆ ಪ್ರತಿ 10 ಮೈಲಿಗೆ 3 ಮೀಟರ್. ನಮ್ಮ 2.91 ಅದಕ್ಕೆ ಹತ್ತಿರ ಬಂತು, ನಿಮ್ಮ 2.63 ದೂರವೇ ಉಳಿಯಿತು, ಯಾಕೆಂದರೆ ಅಲ್ಲಿ ಮೊದಲ ಪದಕ್ಕೆ ಸೇರಬೇಕಾದ ಒಂದಷ್ಟು ಭಾಗ ಸ್ಥಿರಾಂಕದ ಪಾಲಾಗಿತ್ತು. ಗಂಟೆಗೆ 10 ಮೈಲಿ ಅಂದರೆ ಸೆಕೆಂಡಿಗೆ 4.47 ಮೀಟರ್, ಆದ್ದರಿಂದ 2.91 ಅನ್ನು ಅದರಿಂದ ಭಾಗಿಸಿದರೆ ಚಾಲಕರ ಪ್ರತಿಕ್ರಿಯೆಯ ಸಮಯ ಸುಮಾರು 0.65 ಸೆಕೆಂಡ್ ಅಂತ ಸಿಗುತ್ತದೆ.

ಕೈಲೆಕ್ಕ ಬೇಡವಾದರೆ ಎಕ್ಸೆಲ್‌ನ ಟ್ರೆಂಡ್‌ಲೈನ್ ಆಯ್ಕೆಗಳಲ್ಲಿ 'ಸೆಟ್ ಇಂಟರ್‌ಸೆಪ್ಟ್' ಟಿಕ್ ಮಾಡಿ 0 ಕೊಡಿ. ಆದರೆ ಸ್ಥಿರಾಂಕ ಇರುವ ಮತ್ತು ಇಲ್ಲದ ಕರ್ವ್‌ಗಳ ಆರ್-ಸ್ಕ್ವೇರ್ಡ್ (ಕರ್ವ್ ಅಂಕಿಗಳಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವ ಅಳತೆ) ಹೋಲಿಸಿ ಯಾವುದು ಒಳ್ಳೆಯದು ಅಂತ ತೀರ್ಮಾನ ಮಾಡಬೇಡಿ. ಸ್ಥಿರಾಂಕ ಇಲ್ಲದಿದ್ದಾಗ ಸಾಮಾನ್ಯವಾಗಿ ಅದನ್ನು ಸರಾಸರಿಯಿಂದ ಅಲ್ಲ, ಸೊನ್ನೆಯಿಂದ ಅಳೆಯುತ್ತಾರೆ, ಹಾಗಾಗಿ ಅಂಕಿ ಜಾಸ್ತಿಯೇ ಕಾಣುತ್ತದೆ. ಇನ್ನೊಂದು ವಿಷಯ, ಲ್ಯಾಬಿನಲ್ಲಿ ನೀವೇ ಅಳೆದ ಅಂಕಿಗಳಾದರೆ ಮೊದಲು ಸ್ಥಿರಾಂಕ ಇಟ್ಟೇ ಒಮ್ಮೆ ಲೆಕ್ಕ ಮಾಡಿ. ಅದು ಸೊನ್ನೆಯಿಂದ ತೀರಾ ದೂರ ಬಂದರೆ ನಿಮ್ಮ ಉಪಕರಣದ ಸೊನ್ನೆಯೇ ತಪ್ಪಿರಬಹುದು. ಆಗ ಸ್ಥಿರಾಂಕ ತೆಗೆದರೆ ಆ ದೋಷವೆಲ್ಲ ಅ ಮತ್ತು ಬ ಒಳಗೆ ಸೇರಿಕೊಳ್ಳುತ್ತದೆ.