1922ರ ಕಾರ್ಕ್ ಕೊಲೆಗಳು ಕೋಮು ಹಿಂಸೆಯೇ?

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದಲ್ಲಿ ಐಆರ್‌ಎ (ಬ್ರಿಟಿಷರ ವಿರುದ್ಧ ಹೋರಾಡಿದ, ಹೆಚ್ಚಾಗಿ ಕ್ಯಾಥೊಲಿಕರೇ ಇದ್ದ ಐರಿಶ್ ರಿಪಬ್ಲಿಕನ್ ಸೇನೆ) ಪ್ರಾಟೆಸ್ಟಂಟರನ್ನು ಪ್ರಾಟೆಸ್ಟಂಟರು ಅನ್ನೋ ಕಾರಣಕ್ಕೇ ಕೊಂದಿತಾ, ಇತಿಹಾಸಕಾರರು ಯಾಕೆ ಇನ್ನೂ ಜಗಳಾಡುತ್ತಾರೆ ಎಂದು ಕೇಳಿದ್ದೀರಿ.

ಜಗಳ ಹೆಚ್ಚಾಗಿ 1922ರ ಏಪ್ರಿಲ್ ಕೊನೆಯ ಮೂರ್ನಾಲ್ಕು ದಿನಗಳದ್ದು. ಜಾಗ ದಕ್ಷಿಣ ಐರ್ಲೆಂಡಿನ ಕಾರ್ಕ್ ಕೌಂಟಿ, ಅಂದರೆ ಕಾರ್ಕ್ ಜಿಲ್ಲೆ. ಅಲ್ಲಿ ಪ್ರಾಟೆಸ್ಟಂಟರು ಅಲ್ಪಸಂಖ್ಯಾತರು, ಬ್ರಿಟಿಷರ ಪರ ಎಂಬ ಅನುಮಾನ ಅವರ ಮೇಲಿತ್ತು. ಬ್ರಿಟಿಷರ ಜೊತೆ ಕದನವಿರಾಮವಾಗಿ ಒಂಬತ್ತು ತಿಂಗಳಾಗಿತ್ತು. 26ರಂದು ಒಬ್ಬ ಐಆರ್‌ಎ ಅಧಿಕಾರಿ ಪ್ರಾಟೆಸ್ಟಂಟರ ಮನೆಯೊಂದಕ್ಕೆ ನುಗ್ಗಿ ಗುಂಡೇಟಿಗೆ ಸತ್ತ. ಆ ಮನೆಯಲ್ಲಿದ್ದ ಮೂವರನ್ನು ಎಳೆದೊಯ್ದರು, ಅವರು ವಾಪಸ್ ಬರಲೇ ಇಲ್ಲ. ಆಮೇಲೆ ಡನ್‌ಮ್ಯಾನ್‌ವೇ ಪಟ್ಟಣ ಮತ್ತು ಸುತ್ತಲಿನ ಊರುಗಳಲ್ಲಿ ಇನ್ನೂ ಹತ್ತು ಜನ ಸತ್ತರು. ಒಬ್ಬರು ವಕೀಲರು, ಒಬ್ಬರು ಔಷಧಿ ಅಂಗಡಿಯವರು. ಹದಿಮೂರೂ ಜನ ಪ್ರಾಟೆಸ್ಟಂಟರೇ.

1998ರಲ್ಲಿ ಇತಿಹಾಸಕಾರ ಪೀಟರ್ ಹಾರ್ಟ್ ತಮ್ಮ ಪುಸ್ತಕದಲ್ಲಿ ಇದನ್ನು ಕೋಮು ಹಿಂಸೆ ಎಂದರು. ಮೊದಲು ನಾನೂ ಹಾಗೇ ನಂಬಿದ್ದೆ. ಅವರು ಬ್ರಿಟಿಷ್ ಸೇನೆಯ ಒಂದು ದಾಖಲೆ ತೋರಿಸುತ್ತಾರೆ: ದಕ್ಷಿಣದ ಪ್ರಾಟೆಸ್ಟಂಟರು ಸೇನೆಗೆ ಸುದ್ದಿ ಕೊಟ್ಟದ್ದು ಕಡಿಮೆ, ಕೊಡೋಕೆ ಅವರ ಹತ್ತಿರ ಸುದ್ದಿಯೇ ಇರಲಿಲ್ಲ. ಅಂದ ಮೇಲೆ ಸತ್ತವರು ಬ್ರಿಟಿಷರ ಮಾಹಿತಿದಾರರಲ್ಲ, ಅಲ್ವಾ? ಆದರೆ ಅದೇ ದಾಖಲೆಯ ಮುಂದಿನ ವಾಕ್ಯವನ್ನು ಇನ್ನೊಬ್ಬ ಇತಿಹಾಸಕಾರ ಬ್ರಯನ್ ಮರ್ಫಿ ಎತ್ತಿ ತೋರಿಸಿದರು. ಕಾರ್ಕ್ ಕೌಂಟಿಯ ಬ್ಯಾಂಡನ್ ಸೀಮೆ ಮಾತ್ರ ಇದಕ್ಕೆ ಹೊರತು, ಅಲ್ಲಿನ ಪ್ರಾಟೆಸ್ಟಂಟ್ ರೈತರು ಸುದ್ದಿ ಕೊಟ್ಟಿದ್ದರು ಎಂದು ಅದರಲ್ಲಿದೆ. ಕೊಲೆಗಳು ನಡೆದದ್ದೂ ಆ ಕಡೆಯೇ. ಹಾರ್ಟ್ ಆ ವಾಕ್ಯ ಬಿಟ್ಟದ್ದು ದೊಡ್ಡ ತಪ್ಪು. ನನಗೆ ಅದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಹಾಗಂತ ಇತಿಹಾಸಕಾರ್ತಿ ಮೆಡಾ ರಯನ್ ಥರದವರು ಹೇಳುವಂತೆ, ಸತ್ತವರು ಮಾಹಿತಿದಾರರಾಗಿದ್ದರು ಎಂದು ಒಪ್ಪಲೂ ನನಗೆ ಆಗಲ್ಲ. ಅದೇ ಸೀಮೆಯ ಕ್ಲೋನಕಿಲ್ಟಿ ಪಟ್ಟಣದಲ್ಲಿ ಅಪ್ಪನನ್ನು ಹುಡುಕಿಕೊಂಡು ಬಂದವರು, ಅಪ್ಪ ಸಿಗದಿದ್ದಾಗ 16 ವರ್ಷದ ಮಗನನ್ನು ಕೊಂದರು. ಆ ಹುಡುಗ ಯಾರಿಗೆ ಯಾವ ಸುದ್ದಿ ಮುಟ್ಟಿಸಿದ್ದ? ಬ್ಯಾಂಡನ್ ರೈತರಲ್ಲಿ ಕೆಲವರು ಸುದ್ದಿ ಕೊಟ್ಟಿದ್ದರು ಅಂದರೆ ಈ ಹದಿಮೂರು ಜನ ಕೊಟ್ಟಿದ್ದರು ಅಂತಲ್ಲ.

ಆ ಹೊತ್ತಿಗೆ ಪ್ರಾಟೆಸ್ಟಂಟರೇ ಹೆಚ್ಚಿದ್ದ ಉತ್ತರದ ಬೆಲ್‌ಫಾಸ್ಟ್ ನಗರದ ಗಲಭೆಗಳಲ್ಲಿ ಕ್ಯಾಥೊಲಿಕರು ಜಾಸ್ತಿ ಸಂಖ್ಯೆಯಲ್ಲಿ ಸಾಯುತ್ತಿದ್ದರು, ಆ ಸಿಟ್ಟೂ ಇತ್ತು. ಸೇಡು, ಹಳೇ ಅನುಮಾನ, ಕೋಮು ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು ಅನ್ನೋದು ನನ್ನ ಅಭಿಪ್ರಾಯ. ಅನುಮಾನ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದನ್ನು ಆ ಮನೆಯವರ ಧರ್ಮಪಂಥವೇ ತೋರಿಸಿತು.

ಇದು ಐಆರ್‌ಎಯ ನೀತಿಯಾಗಿತ್ತು ಅನ್ನಲು ಮಾತ್ರ ನಾನು ಒಪ್ಪಲ್ಲ. ಅಲ್ಲಿನ ಐಆರ್‌ಎ ಮುಖ್ಯಸ್ಥ ಟಾಮ್ ಹೇಲ್ಸ್ ಕೊಲೆಗಳನ್ನು ಖಂಡಿಸಿ, ಯಾವ ಪಂಥದವರಾದರೂ ಸರಿ, ಎಲ್ಲರಿಗೂ ರಕ್ಷಣೆ ಕೊಡುತ್ತೇವೆ ಎಂದು ಸಾರಿದರು. ಕೊಂದವರು ಯಾರು ಎಂದು ಯಾವ ಕೋರ್ಟಿನಲ್ಲೂ ವಿಚಾರಣೆಯಾಗಲಿಲ್ಲ.