ಗಿಟಾರ್ ಒಂದಕ್ಕೆ ಗಂಡನನ್ನು ಬಿಡೋದಾ?

ಪ್ರಶ್ನೆ: ‘ಸೀಕ್ರೆಟ್ ಸೂಪರ್‌ಸ್ಟಾರ್’ (2017) ಹಿಂದಿ ಸಿನಿಮಾ ನೋಡಿದೆ. ಏರ್‌ಪೋರ್ಟಿನಲ್ಲಿ ಮಗಳ ಗಿಟಾರ್ ಬಿಸಾಕು ಅಂದಿದ್ದಕ್ಕೆ ತಾಯಿ ಗಂಡನನ್ನೇ ಬಿಟ್ಟು ಬರುತ್ತಾಳೆ. ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?

ಉತ್ತರ: ಖಂಡಿತ ಇಲ್ಲ. ಬರೀ ಗಿಟಾರ್ ಅಂದುಕೊಂಡರೆ ಹಾಗೆ ಕಾಣುತ್ತದೆ. ಆದರೆ ಆ ಅಪ್ಪ ಅದಕ್ಕೂ ಮೊದಲು ಹೆಂಡತಿಗೆ ಹೊಡೆದಿದ್ದಾನೆ, ಮಗಳ ಕೈಯಿಂದಲೇ ಅವಳ ಲ್ಯಾಪ್‌ಟಾಪ್ ಕೆಳಗೆ ಎಸೆಸಿದ್ದಾನೆ, ಅವಳನ್ನು ಕೇಳದೆ ಮದುವೆ ಗೊತ್ತು ಮಾಡಿ ಎಲ್ಲರನ್ನೂ ರಿಯಾದ್‌ಗೆ ಹೊರಡಿಸಿದ್ದಾನೆ.

ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾ 1949ರಲ್ಲಿ ‘ದಿ ಸೆಕೆಂಡ್ ಸೆಕ್ಸ್’ ಬರೆದಾಗ ಹೇಳಿದ್ದು ಇದನ್ನೇ: ಗಂಡಸು ತನ್ನನ್ನು ಮನುಷ್ಯ ಅಂದುಕೊಳ್ಳುತ್ತಾನೆ, ಹೆಣ್ಣನ್ನು ತನಗೆ ಸಂಬಂಧಪಟ್ಟ ‘ಇನ್ನೊಬ್ಬಳು’ ಮಾಡಿಬಿಡುತ್ತಾನೆ. ಅವಳಿಗೆ ಅಡುಗೆ, ಬಟ್ಟೆ, ಮತ್ತೆ ಅಡುಗೆ. ನಾಳೆ ಏನಾಗಬೇಕು ಅಂತ ತೀರ್ಮಾನಿಸುವವನು ಅವನು. ಗಾಯಕಿ ಆಗಬೇಕು ಅಂತಿರುವ ಮಗಳು ಇನ್ಸಿಯಾಗೆ ಹಾಡು ಅಂದರೆ ಆ ನಾಳೆ.

ನನಗೆ ತುಂಬಾ ಮುಖ್ಯ ಅನಿಸುವುದು ತಾಯಿ ನಜ್ಮಾ. ಮಗಳು ಡಿವೋರ್ಸ್ ಪೇಪರ್ ತಂದಾಗ ಮೊದಲು ಬೇಡ ಅಂದವಳು ಅವಳೇ. ದುಡಿಮೆ ಇಲ್ಲ, ಹೋಗೋಕೆ ಜಾಗ ಇಲ್ಲ, ಅಂಥವಳಿಗೆ ಭಯ ಇರುವುದು ಸಹಜ, ಅದನ್ನು ಹೇಡಿತನ ಅನ್ನಬೇಡಿ. ಕೊನೆಗೆ ಅವಳೇ ಸಹಿ ಹಾಕುತ್ತಾಳೆ, ಯಾವ ಹೀರೋನೂ ಬಂದು ಹಾಕಿಸುವುದಿಲ್ಲ. ಆಮೇಲಿನ ಪ್ರಶಸ್ತಿ ಸಮಾರಂಭ ಇಲ್ಲದಿದ್ದರೂ ನನಗೆ ಈ ಸಿನಿಮಾ ಸಾಕಿತ್ತು.