ಹಸಿವಿಲ್ಲ ಅಂದ ಮಗಳು

ಪ್ರಶ್ನೆ: ನನಗೆ 36 ವರ್ಷ. ಮಗನಿಗೆ 13, ಮಗಳಿಗೆ 9. ಗಣೇಶನ ಹಬ್ಬದ ದಿನ ಮನೆ ತುಂಬ ನೆಂಟರು. ಮಗಳು ಎಲೆಗೆ ಉಪ್ಪು, ಕೋಸಂಬರಿ ಬಡಿಸಿ, ನೀರು ಹಾಕುತ್ತಾ ಓಡಾಡಿದಳು. ಎಲ್ಲರೂ ‘ಎಷ್ಟು ಚೂಟಿ, ಕೊಟ್ಟ ಮನೆ ಬೆಳಗ್ತಾಳೆ’ ಎಂದರು. ಮಗ ಮೊದಲ ಪಂಕ್ತಿಯಲ್ಲೇ ಉಂಡು ಮೊಬೈಲ್ ಹಿಡಿದು ಕೂತ. ಅತ್ತೆ ಊಟಕ್ಕೆ ಕರೆದಾಗ ಮಗಳು ‘ಹಸಿವಿಲ್ಲ ಅಜ್ಜಿ’ ಎಂದಳು. ಬೆಳಿಗ್ಗೆ ಹಾಲು ಕುಡಿದದ್ದು ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ. ನನಗೆ ಕಸಿವಿಸಿ. ತಡೆದರೆ ಅತ್ತೆಗೆ ಬೇಜಾರು. ಗಂಡ ‘ಕೆಲಸ ಕಲಿತರೆ ತಪ್ಪೇನು’ ಅಂತಾರೆ. ಮಗಳಿಗೂ ಬಡಿಸೋದು ಇಷ್ಟ. ಏನು ಮಾಡಲಿ?

ಉತ್ತರ: ಕೆಲಸ ಕಲಿತರೆ ತಪ್ಪೇನೂ ಇಲ್ಲ. ಹಾಗಾದರೆ ಮಗ ಯಾವಾಗ ಕಲಿಯೋದು ಅಂತ ನಿಮ್ಮವರನ್ನೇ ಕೇಳಿ. ಜಗಳ ಬೇಡ, ಸುಮ್ನೆ ಕೇಳಿ.

ನನ್ನನ್ನು ಕಾಡಿದ್ದು ಆ ಹಸಿವಿನ ಮಾತು. ಒಂಬತ್ತು ವರ್ಷದ ಮಗು ಹೊಟ್ಟೆ ಚುರುಗುಟ್ಟುತ್ತಿದ್ದರೂ ಇಲ್ಲ ಎನ್ನುತ್ತಿದೆ. ಅಜ್ಜಿಯೇ ಕರೆದರೂ ಬರಲಿಲ್ಲ. ಪಂಕ್ತಿಯಲ್ಲಿ ಕೂತರೆ ಹೊಗಳಿಕೆ ನಿಂತುಹೋಗುತ್ತದೆ ಎಂದು ಅವಳಿಗೆ ಅನಿಸಿರಬೇಕು. ಅವಳ ಓದು, ಆಟದ ಬಗ್ಗೆ ಅಂದು ಯಾರಾದರೂ ವಿಚಾರಿಸಿದರಾ? ಮುಂದೆ ಜ್ವರ ಬಂದರೂ ಒಲೆ ಮುಂದೆ ನಿಲ್ಲೋದು, ಆಫೀಸಲ್ಲಿ ಎಲ್ಲರ ಕೆಲಸ ಮೈಮೇಲೆ ಎಳೆದುಕೊಳ್ಳೋದು ಶುರುವಾಗೋದು ಇಂಥ ಕಡೆಯಿಂದಲೇ.

ಬೇಜಾರು ಮಾಡ್ಕೋಬೇಡಿ, ಆ ದಿನ ನೀವು ಎಷ್ಟು ಗಂಟೆಗೆ ಊಟ ಮಾಡಿದಿರಿ? ಪತ್ರದಲ್ಲಿ ಅದಿಲ್ಲ. ಮಗಳು ನೋಡಿರ್ತಾಳೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದರಲ್ಲಿ 6 ವರ್ಷ ತುಂಬಿದವರೂ ಲೆಕ್ಕಕ್ಕೆ ಬರುತ್ತಾರೆ. ಅಂದರೆ ನಿಮ್ಮ ಮಗಳ ವಯಸ್ಸಿನವರೂ.

ಹಾಗಂತ ಅವಳ ಕೈಯಿಂದ ಸೌಟು ಕಿತ್ತುಕೊಳ್ಳಬೇಡಿ. ಇಷ್ಟಪಟ್ಟು ಮಾಡಿದ್ದಕ್ಕೆ ಶಿಕ್ಷೆ ಆಯ್ತು ಅಂದುಕೊಳ್ಳುತ್ತಾಳೆ. ದೀಪಾವಳಿಗೆ ಇಬ್ಬರೂ ಮಕ್ಕಳು ಬಡಿಸಲಿ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಲಿ. ಪಕ್ಕದ ಎಲೆ ನಿಮ್ಮದು. ಆ ಹೊತ್ತಿಗೆ ಪಾತ್ರೆ ನಿಮ್ಮವರ ಕೈಯಲ್ಲಿರಲಿ.

ಅತ್ತೆಗೆ ತಾರತಮ್ಯದ ಭಾಷಣ ಬೇಡ. ಅವರೂ ಜೀವನಪೂರ್ತಿ ಕೊನೆಗೇ ಉಂಡವರಿರಬಹುದು, ಅಲ್ವಾ? ‘ಅತ್ತೆ, ಈ ಸಲ ಪಾಯಸ ನಿಮ್ಮ ಮೊಮ್ಮಗ ಬಡಿಸ್ತಾನೆ, ನಿಮ್ಮ ಎಲೆಯಿಂದಲೇ ಶುರು’ ಅನ್ನಿ. ಅವನು ನಾಲ್ಕು ಎಲೆಗೆ ಬಡಿಸಿದ್ದಕ್ಕೇ ನೆಂಟರು ಚಪ್ಪಾಳೆ ತಟ್ಟುವುದು ಗ್ಯಾರಂಟಿ. ನೀವು ಮಾತ್ರ ತಟ್ಟಬೇಡಿ. ಮರುದಿನವೂ ತಟ್ಟೆ ಎತ್ತಿಡಲು ಕರೆಯಿರಿ. ಗೊಣಗುತ್ತಾನೆ, ಗೊಣಗಲಿ.

‘ಕೊಟ್ಟ ಮನೆ’ ಮಾತು ಬಂದಾಗ ಅಲ್ಲೇ, ಮಗಳಿಗೆ ಕೇಳುವ ಹಾಗೆ, ‘ಅದಿರಲಿ, ಇವಳು ಲೆಕ್ಕದಲ್ಲಿ ಎಷ್ಟು ಚುರುಕು ಗೊತ್ತಾ’ ಅನ್ನಿ. ಲೆಕ್ಕವೋ ಚಿತ್ರವೋ ಲಗೋರಿಯೋ, ನಿಜವಾಗಿ ಇದ್ದದ್ದನ್ನೇ ಹೇಳಿ. ಇನ್ನು ಯಾವತ್ತಾದರೂ ‘ಅಣ್ಣಂಗೆ ನೀರು ಕೊಡು’ ಅಂದಾಗ ಅವಳು ‘ಅವನೇ ತಗೊಳ್ಲಿ’ ಅಂದರೆ ದಯವಿಟ್ಟು ಗದರಬೇಡಿ.